ಹಿತ್ತಲಿನ ಬಾಲದ ಜೀವಿ: ಅರಿತು ಸಲಹುವ ಬಗೆ

ಶರಣಧರ್ಮವು ದಯೆಗೆ ಕೊಟ್ಟ ಸ್ಥಾನ ಎಂತಹುದೆಂಬುದನ್ನು ನಮ್ಮ ಓದುಗ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಬಸವಾದಿ ಪ್ರಮಥರು ದಯೆಯನ್ನು ಹೊರಗಿಟ್ಟ ಪೂಜೆಯನ್ನು ಪೂಜೆಯೆಂದು ಒಪ್ಪಲಿಲ್ಲ. ಆದರೆ ಅವರು ಅರಿವಿಗೆ ಕೊಟ್ಟ ಸ್ಥಾನವೂ ಕಡಿಮೆಯದಲ್ಲ. ಅದನ್ನು ಗುರುವಿನ ಪೀಠದಲ್ಲಿಯೇ ಕುಳ್ಳಿರಿಸಿದರು. ದಯೆ ಮತ್ತು ಅರಿವು ಒಂದೇ ಬಂಡಿಯ ಎರಡು ಗಾಲಿಗಳು. ಒಂದು ಮುರಿದರೆ ಬಂಡಿ ಸಾಗದು. ಈ ಮಾತು ದೊಡ್ಡ ವಿಷಯಗಳಿಗೆ ಮಾತ್ರ ಅನ್ವಯಿಸುತ್ತದೆಂದು ತಿಳಿಯಬಾರದು. ನಮ್ಮ ಹಿತ್ತಲಿನಲ್ಲಿ ಹರಿದಾಡುವ ಗೇಣುದ್ದದ ಒಂದು ಪ್ರಾಣಿಯ ವಿಷಯದಲ್ಲಿಯೂ ಇದು ಅಷ್ಟೇ ಸತ್ಯವಾದುದು.

ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಜವಳಗೇರಾ ಮತ್ತು ಅದರ ಸುತ್ತಲಿನ ಊರುಗಳ ಮನೆಗಳಲ್ಲಿ ಹಿತ್ತಲೆಂಬುದು ಇಂದಿಗೂ ಉಳಿದಿದೆ. ಲಿಂಗಪೂಜೆಗೆಂದು ಬೆಳೆಸಿದ ಬಿಲ್ವಪತ್ರೆಯ ಗಿಡ, ಕಣಗಿಲ, ಮಲ್ಲಿಗೆ. ಒಂದು ಮೂಲೆಯಲ್ಲಿ ಕುಳ್ಳಿನ ಒಟ್ಟು, ಇನ್ನೊಂದರಲ್ಲಿ ಕಣಿಕೆಯ ಬಣವೆ, ದನಗಳಿಗೆ ನೀರು ತುಂಬುವ ಕಲ್ಲುಬಾನಿ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಇಂತಹ ಹಿತ್ತಲಿನಲ್ಲಿ ಪತ್ರೆ ಕೊಯ್ಯಲು ಹೋದ ತಾಯಂದಿರ ಕಣ್ಣಿಗೆ ನಯವಾದ, ಮಿರುಗುವ ಮೈಯ, ಉದ್ದ ಬಾಲದ ಒಂದು ಜೀವಿ ಬೀಳುವುದುಂಟು. ಕೆಲವೊಮ್ಮೆ ಅದರ ಬಾಲ ಕುಂಕುಮದಷ್ಟು ಕೆಂಪಾಗಿರುತ್ತದೆ. ಹಿರಿಯರು ಹೆದರಿ ಬಡಿಗೆ ಹುಡುಕುತ್ತಾರೆ. ಶಾಲೆಗೆ ಹೋಗುವ ಮಕ್ಕಳಾದರೋ ಇಂಗ್ಲಿಷ್ ಪುಸ್ತಕದಲ್ಲಿಯೋ ಪರದೆಯ ಮೇಲೋ ಕಂಡ ಚಿತ್ರವನ್ನು ನೆನೆದು, "ಇದು ನ್ಯೂಟ್, ನೀರಿನಲ್ಲಿ ಸಾಕಬೇಕು" ಎನ್ನುತ್ತಾರೆ. ಹಿರಿಯರ ಹೆದರಿಕೆಯಿಂದಲೂ ಮಕ್ಕಳ ಪ್ರೀತಿಯಿಂದಲೂ ಆ ಜೀವಿಗೆ ಆಗುವ ಫಲ ಒಂದೇ, ಮರಣ. ಬಡಿಗೆಯ ಪೆಟ್ಟಿಗೆ ಅದು ಸಾಯುತ್ತದೆ. ನೀರಿನ ಪಾತ್ರೆಯಲ್ಲಿ ಹಾಕಿದರೂ ಮುಳುಗಿ ಸಾಯುತ್ತದೆ. ಏಕೆಂದರೆ ಅದು ನ್ಯೂಟ್ ಅಲ್ಲ, ನೀರಿನ ಪ್ರಾಣಿಯೇ ಅಲ್ಲ. ಆದುದರಿಂದ ಗುರುತಿಸುವುದು ಮೊದಲು, ಆರೈಕೆ ಆಮೇಲೆ ಎಂಬುದನ್ನು ಈ ಲೇಖನದಲ್ಲಿ ನಮ್ಮ ಕುಟುಂಬಗಳ ಮುಂದೆ ಇಡಬಯಸಿದ್ದೇವೆ.

ನ್ಯೂಟ್ ಎಂದರೇನು? ಅದರ ಮನೆ ಎಲ್ಲಿ?

ನೀರಿನಲ್ಲಿಯೂ ನೆಲದ ಮೇಲೂ ಬಾಳುವ ಪ್ರಾಣಿಗಳನ್ನು ಉಭಯಚರಗಳೆಂದು ಕರೆಯುತ್ತೇವೆ. ಇವುಗಳಲ್ಲಿ ಮೂರು ಕುಲಗಳಿವೆ. ಬೆಳೆದ ಮೇಲೆ ಬಾಲವಿಲ್ಲದ ಕಪ್ಪೆಗಳದು ಮೊದಲನೆಯ ಕುಲ. ಕಾಲುಗಳೇ ಇಲ್ಲದೆ ಎರೆಹುಳುವಿನಂತೆ ಮಣ್ಣಿನೊಳಗೆ ಬಾಳುವ ಸಿಸಿಲಿಯನ್‌ಗಳದು ಎರಡನೆಯದು. ನಮ್ಮ ಮಲೆನಾಡಿನ ಒದ್ದೆ ಮಣ್ಣಿನಲ್ಲಿ ಇವು ಇವೆ. ನಾಲ್ಕು ಕಾಲೂ ಉದ್ದ ಬಾಲವೂ ಇರುವ ಸಾಲಮಾಂಡರ್‌ಗಳದು ಮೂರನೆಯ ಕುಲ. ನ್ಯೂಟ್ ಈ ಮೂರನೆಯ ಕುಲಕ್ಕೆ ಸೇರಿದ್ದು. ಅದಕ್ಕೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲ. ನಮ್ಮ ನಾಡಿನಲ್ಲಿ ಇಲ್ಲದ ಪ್ರಾಣಿಗೆ ನಮ್ಮ ಹಿರಿಯರು ಹೆಸರಿಡುವುದಾದರೂ ಹೇಗೆ?

ಭಾರತದಲ್ಲಿ ಈ ಕುಲದ ಪ್ರಾಣಿಗಳಿರುವುದು ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಸೀಮೆಯಲ್ಲಿ ಮಾತ್ರ. ಡಾರ್ಜಿಲಿಂಗ್ ಬೆಟ್ಟಗಳ ಕೊಳಗಳಲ್ಲಿ ಮಳೆಗಾಲದಲ್ಲಿ ಮೊಟ್ಟೆಯಿಡಲು ಇಳಿಯುವ ಹಿಮಾಲಯದ ನ್ಯೂಟ್ ಇವುಗಳಲ್ಲಿ ಪ್ರಸಿದ್ಧವಾದುದು. ಮೈಮೇಲೆ ಸಾಲಾಗಿ ಗಂಟುಗಳಿರುವ, ಕಂದುಬಣ್ಣದ, ನಿಧಾನಗತಿಯ ಪ್ರಾಣಿ ಇದು. ಬಹುಕಾಲ ಇದನ್ನು ಚೀನಾದ ಯುನ್ನಾನ್ ಪ್ರಾಂತದಿಂದ 1871ರಲ್ಲಿ ವರ್ಣಿತವಾದ ಜಾತಿಯೆಂದೇ ಎಣಿಸಲಾಗಿತ್ತು. 2015ರಲ್ಲಿ ವಿಜ್ಞಾನಿಗಳು ಹಿಮಾಲಯದ್ದು ಬೇರೆಯೇ ಜಾತಿಯೆಂದು ತೋರಿಸಿಕೊಟ್ಟರು. ಇದರ ರಕ್ಷಣೆಗೆಂದೇ ಡಾರ್ಜಿಲಿಂಗ್ ಬಳಿಯ ಜೋರ್‌ಪೋಖ್ರಿಯಲ್ಲಿ 1985ರಲ್ಲಿ ಒಂದು ಪುಟ್ಟ ಅಭಯಾರಣ್ಯವೂ ಏರ್ಪಟ್ಟಿತು.

ಇಂತಹ ಪ್ರಾಣಿ ನಮ್ಮ ಬಯಲುಸೀಮೆಗೆ ಏಕೆ ಬರಲಿಲ್ಲ? ಇದಕ್ಕೆ ಭೂಮಿಯ ಬಹು ಹಳೆಯ ಚರಿತ್ರೆಯೇ ಉತ್ತರ. ಸಾಲಮಾಂಡರ್ ಕುಲ ಉತ್ತರದ ಭೂಖಂಡಗಳಲ್ಲಿ ಹುಟ್ಟಿ ಬೆಳೆದದ್ದು. ಭಾರತದ ನೆಲವಾದರೋ ದಕ್ಷಿಣದ ಮಹಾಖಂಡದಿಂದ ಬೇರ್ಪಟ್ಟು, ಕೋಟ್ಯಂತರ ವರ್ಷ ಕಡಲಿನಲ್ಲಿ ದ್ವೀಪದಂತೆ ಸರಿದು ಬಂದು ಏಷ್ಯಾಕ್ಕೆ ಕೂಡಿಕೊಂಡಿತು. ಕೂಡಿದ ಮೇಲೆಯೂ ಆ ತಂಪಿನ ಪ್ರಾಣಿಗಳು ಹಿಮಾಲಯದ ಮೂಲೆಯನ್ನು ದಾಟಿ ನಮ್ಮ ಬಿಸಿಲಿಗೆ ಇಳಿಯಲಿಲ್ಲ. ಚೈತ್ರ ವೈಶಾಖಗಳಲ್ಲಿ ನಲವತ್ತು ಡಿಗ್ರಿಯನ್ನು ದಾಟುವ ರಾಯಚೂರಿನ ಬೇಸಗೆಯಲ್ಲಿ ಒದ್ದೆ ತೊಗಲಿನ ನ್ಯೂಟ್ ಒಂದು ದಿನವೂ ತಾಳಲಾರದು. ಆದಕಾರಣ ಜವಳಗೇರಾದ ಹಿತ್ತಲಿನಲ್ಲಿ, ಅಷ್ಟೇಕೆ, ಇಡೀ ಕರ್ನಾಟಕದಲ್ಲಿ ಎಲ್ಲಿಯೇ ಆಗಲಿ, ಕಾಡಿನ ನ್ಯೂಟ್ ಸಿಕ್ಕುವುದಿಲ್ಲವೆಂದು ನಿಶ್ಚಯವಾಗಿ ಹೇಳಬಹುದು. ಹಾಗಾದರೆ ಸಿಕ್ಕಿದ್ದು ಯಾವುದು?

ಗುರುತಿಸುವ ಬಗೆ

ನಮ್ಮ ಭಾಗದಲ್ಲಿ ನ್ಯೂಟ್ ಎಂಬ ಭ್ರಮೆಯನ್ನು ಹುಟ್ಟಿಸುವ ಜೀವಿಗಳು ಮುಖ್ಯವಾಗಿ ಎರಡು. ಒಂದು ಹಾವುರಾಣಿ, ಇನ್ನೊಂದು ಬಾಲ ಕಳೆಯದ ಕಪ್ಪೆಮರಿ. ಇವೆರಡರಲ್ಲಿ ಇರುವ ಅಂತರ ಹಗಲಿಗೂ ರಾತ್ರಿಗೂ ಇರುವಷ್ಟು. ಕೈಯಿಂದ ಮುಟ್ಟದೆ, ಎರಡು ಮೊಳ ದೂರದಲ್ಲಿ ನಿಂತು ನೋಡಿದರೂ ತಿಳಿಯುವ ಲಕ್ಷಣಗಳು ಇವು.

ಮೊದಲು ಮೈಯನ್ನು ನೋಡಬೇಕು. ಹಾವುರಾಣಿಯ ಮೈಮೇಲೆ ಹೆಂಚು ಹೊದಿಸಿದಂತೆ ಒತ್ತಾದ ಹುರುಪೆಗಳಿರುತ್ತವೆ. ಅವು ನಯವಾಗಿ ಹೊಳೆಯುವುದರಿಂದ ದೂರಕ್ಕೆ ಮೈ ಒದ್ದೆಯಾಗಿದೆಯೆಂದೇ ತೋರುತ್ತದೆ. ಆದರೆ ಅದು ಒಣಗಿದ ಮೈ. ಕಪ್ಪೆಮರಿಗಾಗಲಿ ನ್ಯೂಟಿಗಾಗಲಿ ಹುರುಪೆಯೆಂಬುದಿಲ್ಲ, ಬರಿಯ ತೊಗಲು.

ಎರಡನೆಯದಾಗಿ ಬೆರಳುಗಳು. ಹಾವುರಾಣಿಗೆ ಮುಂಗಾಲು ಹಿಂಗಾಲುಗಳೆರಡರಲ್ಲಿಯೂ ಐದೈದು ಬೆರಳು, ಪ್ರತಿ ಬೆರಳಿನ ತುದಿಗೆ ಉಗುರು. ಕಪ್ಪೆಗೂ ನ್ಯೂಟಿಗೂ ಮುಂಗಾಲಿನಲ್ಲಿ ನಾಲ್ಕೇ ಬೆರಳು. ನಮ್ಮ ಹಿತ್ತಲಿನ ಕಪ್ಪೆಗಳ ಬೆರಳಿಗೆ ಉಗುರಿರುವುದಿಲ್ಲ.

ಮೂರನೆಯದಾಗಿ ಕಿವಿ. ಹಾವುರಾಣಿಯ ಕಣ್ಣಿನ ಹಿಂದೆ ಕಿವಿಯ ಚಿಕ್ಕ ರಂಧ್ರ ಕಾಣುತ್ತದೆ. ನ್ಯೂಟಿಗೆ ಅದು ಇಲ್ಲ.

ನಾಲ್ಕನೆಯದು ಕಾಲ ಮತ್ತು ಸ್ಥಳ. ಹಾವುರಾಣಿ ಹಗಲಿನ ಜೀವಿ. ಬಿಸಿಲಿಗೆ ಮೈಯೊಡ್ಡುತ್ತದೆ, ಒಣಗಿದ ಎಲೆಗಳ ಮೇಲೆ ಸರಸರನೆ ಹರಿದು ಕುಳ್ಳಿನ ಒಟ್ಟಿನೊಳಗೋ ಎರೆಭೂಮಿಯ ಬಿರುಕಿನೊಳಗೋ ಮಾಯವಾಗುತ್ತದೆ. ಬಾಲವುಳ್ಳ ಕಪ್ಪೆಮರಿ ಕಾಣುವುದು ಕಲ್ಲುಬಾನಿಯ ಅಂಚಿನಲ್ಲಿ, ನಿಂತ ಮಳೆನೀರಿನ ದಂಡೆಯಲ್ಲಿ, ಗದ್ದೆಯ ಬದುವಿನಲ್ಲಿ.

ಕೆಂಪು ಬಾಲದ ಜೀವಿಯ ಬಗ್ಗೆ ಒಂದು ಮಾತು. ಹಾವುರಾಣಿಗಳಲ್ಲಿ ಹಲವು ಜಾತಿಗಳಿವೆ. ಕಂಚಿನ ಬಣ್ಣದ ದಪ್ಪ ಮೈಯದು ಎಲ್ಲರಿಗೂ ಪರಿಚಿತವಾದುದು. ಇನ್ನೊಂದು ಜಾತಿ ತೆಳ್ಳಗೆ ಹಾವಿನ ಮರಿಯಂತಿದ್ದು, ಕಾಲುಗಳು ತೀರ ಗಿಡ್ಡವಾಗಿ, ಮೈತುಂಬ ಚುಕ್ಕೆಗಳ ಸಾಲು ಇರುತ್ತದೆ. ಇದರ ಮರಿಗಳ ಬಾಲವೇ ಆ ಕೆಂಪು ಬಣ್ಣದ್ದು. ಆ ಬಣ್ಣ ವಿಷದ ಗುರುತಲ್ಲ. ಹಕ್ಕಿಯೋ ಬೆಕ್ಕೋ ಎರಗಿದಾಗ ಶತ್ರುವಿನ ಕಣ್ಣು ತಲೆಯನ್ನು ಬಿಟ್ಟು ಬಾಲದ ಮೇಲೆ ಬೀಳಲೆಂದು ಇರುವ ಏರ್ಪಾಡು ಅದು. ಹಿಡಿದೊಡನೆ ಬಾಲ ಕಳಚಿ ಬಿದ್ದು ಹೊರಳಾಡುತ್ತದೆ, ಜೀವಿ ಪಾರಾಗುತ್ತದೆ. ಕೆಲವು ವಾರಗಳಲ್ಲಿ ಬಾಲ ಮತ್ತೆ ಬೆಳೆಯುತ್ತದೆ. ಆದರೆ ಹೊಸ ಬಾಲದಲ್ಲಿ ಮೊದಲಿನ ಎಲುಬಿನ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಒಂದು ಕಡ್ಡಿ ಮಾತ್ರ ಇರುತ್ತದೆ. ನ್ಯೂಟ್ ಈ ವಿಷಯದಲ್ಲಿ ಇನ್ನೂ ಮುಂದಿದೆ. ಅದು ಕಳೆದುಕೊಂಡ ಕಾಲನ್ನೇ ಎಲುಬು ಸಹಿತ ಮತ್ತೆ ಬೆಳೆಸಿಕೊಳ್ಳಬಲ್ಲದೆಂದು ಇಟಲಿಯ ಸ್ಪಲಾಂಜಾನಿ ಎಂಬ ವಿದ್ವಾಂಸ 1768ರಲ್ಲಿಯೇ ಪ್ರಕಟಿಸಿದ್ದನು.

ಮನೆಯ ಗೋಡೆಯ ಹಲ್ಲಿಯನ್ನೂ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತವನ್ನೂ ಎಲ್ಲರೂ ಬಲ್ಲರು. ಅವುಗಳ ಗುರುತನ್ನು ಹೇಳಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಾಲುಗಳು ಸ್ಪಷ್ಟವಾಗಿ ಕಾಣದ ಯಾವ ಉದ್ದ ಜೀವಿಯ ಮೇಲೂ ಕೈಯಿಡಬಾರದು. ನಾಗರಹಾವು, ಕಟ್ಟುಹಾವು, ಮಂಡಲದ ಹಾವು ಇವೆಲ್ಲ ನಮ್ಮ ಭಾಗದಲ್ಲಿ ಇರುವಂತಹವೇ. ಸಂಶಯ ಬಂದಾಗ ಹಿಂದೆ ಸರಿಯುವುದೇ ಜಾಣತನ.

ಹಾವುರಾಣಿಯ ಮೇಲಿನ ಅಪವಾದ

ಹಾವುರಾಣಿ ನೆಕ್ಕಿದರೆ ಸಾವು, ಅದರ ವಿಷ ನಾಗರಹಾವಿನ ವಿಷಕ್ಕಿಂತ ಹೆಚ್ಚು ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹೆಸರಿನಲ್ಲಿ ಹಾವು ಇರುವುದೂ ಈ ಅಪವಾದಕ್ಕೆ ಕಾರಣವಿದ್ದೀತು. ಆದರೆ ಹಾವುರಾಣಿಗೆ ವಿಷದ ಹಲ್ಲೂ ಇಲ್ಲ, ವಿಷದ ಚೀಲವೂ ಇಲ್ಲ. ಕಚ್ಚಿ ಮನುಷ್ಯನನ್ನು ಕೊಲ್ಲಬಲ್ಲ ಹಲ್ಲಿಯ ಕುಲದ ಪ್ರಾಣಿ ಭಾರತದಲ್ಲಿ ಒಂದೂ ಇಲ್ಲ. ಹಾಲಿನಲ್ಲಿ ಹಲ್ಲಿ ಬಿದ್ದರೆ ಆ ಹಾಲನ್ನು ಚೆಲ್ಲಬೇಕೆಂಬ ನಮ್ಮ ಹಿರಿಯರ ನಿಯಮ ಸರಿಯಾದುದೇ. ಆದರೆ ಕಾರಣ ವಿಷವಲ್ಲ. ಹಲ್ಲಿಯ ಕರುಳಿನಲ್ಲಿರುವ ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಹಾಲನ್ನು ಕೆಡಿಸುತ್ತವೆ, ಕುಡಿದವರಿಗೆ ವಾಂತಿಭೇದಿಯಾಗುತ್ತದೆ.

ಹಾವುರಾಣಿಯ ಆಹಾರ ಜಿರಲೆ, ಮಿಡತೆ, ಗೆದ್ದಲು, ಜೇಡ, ಹುಳು. ಅದು ದಿನವಿಡೀ ನಮ್ಮ ಹಿತ್ತಲಿನಲ್ಲಿ ಕೂಲಿ ಕೇಳದೆ ಕಾಯಕ ಮಾಡುತ್ತದೆ. ಕಾಯಕವನ್ನೇ ಕೈಲಾಸವೆಂದು ಬಗೆದ ಸಮಾಜದ ನಾವು, ಒಂದು ಸುಳ್ಳು ಭಯಕ್ಕಾಗಿ ಆ ಜೀವಿಯ ತಲೆಯನ್ನು ಜಜ್ಜುವುದು ಯಾವ ಆಚಾರಕ್ಕೆ ಒಪ್ಪುತ್ತದೆ? ಮಾಂಸವನ್ನು ಮುಟ್ಟದ ಮನೆಯಲ್ಲಿ ಭಯದ ಹೆಸರಿನಲ್ಲಿ ನಡೆಯುವ ಕೊಲೆಯೂ ಕೊಲೆಯೇ ಅಲ್ಲವೇ?

ಬಾಲವುಳ್ಳ ಕಪ್ಪೆಮರಿ

ಈಗ ಎರಡನೆಯ ಜೀವಿಯ ಮಾತು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆಯ ಕಾಲುವೆಯ ನೀರು ನಮ್ಮ ಹೊಲಗಳಿಗೆ ಹರಿದ ಮೇಲೆ ಸಿಂಧನೂರು ಸೀಮೆ ಬತ್ತದ ಕಣಜವಾಯಿತು. ಜೋಳ ಸಜ್ಜೆಗಳ ಒಣಭೂಮಿಯಲ್ಲಿ ಮಳೆಗಾಲದ ಕೆಲವು ದಿನಗಳಿಗಷ್ಟೇ ನೀರು ಕಾಣುತ್ತಿದ್ದ ಕಪ್ಪೆಗಳಿಗೆ ಗದ್ದೆಗಳು ಹೊಸ ಸೂಲಗಿತ್ತಿಯ ಮನೆಗಳಾದವು. ಎರೆಭೂಮಿಯ ಬಿರುಕಿನಲ್ಲಿ ಬೇಸಗೆಯನ್ನು ಕಳೆಯುವ ಕಪ್ಪೆಗಳು ಮೊದಲ ದೊಡ್ಡ ಮಳೆಯ ರಾತ್ರಿಯಲ್ಲಿಯೇ ಹೊರಬಂದು ಕೂಗಲು ತೊಡಗುತ್ತವೆ. ಮಳೆ ಬಾರದಿದ್ದಾಗ ಕಪ್ಪೆಗಳಿಗೆ ಮದುವೆ ಮಾಡುವ ನಮ್ಮ ಹಳ್ಳಿಗಳ ಪದ್ಧತಿಯ ಹಿಂದೆ, ಕಪ್ಪೆಗೂ ಮಳೆಗೂ ಇರುವ ಈ ನಂಟನ್ನು ಕಂಡ ಕಣ್ಣುಗಳಿವೆ.

ನೆಲಗಪ್ಪೆ ತನ್ನ ಮೊಟ್ಟೆಗಳನ್ನು ಲೋಳೆಯ ಜಪಮಾಲೆಯಂತೆ ಉದ್ದ ಎಳೆಗಳಲ್ಲಿ ಇಡುತ್ತದೆ. ಮರಗಪ್ಪೆಯಾದರೋ ಕಲ್ಲುಬಾನಿಯ ಗೋಡೆಗೆ, ನೀರಿನಿಂದ ತುಸು ಮೇಲೆ, ಸಾಬೂನಿನ ನೊರೆಯಂತಹ ಗೂಡನ್ನು ಅಂಟಿಸುತ್ತದೆ. ಮೊಟ್ಟೆಯೊಡೆದು ಬರುವ ಗೊದಮೊಟ್ಟೆಗೆ ಮೊದಲು ಬಾಲ ಮಾತ್ರ. ಕೆಲವು ವಾರಗಳಲ್ಲಿ ಹಿಂಗಾಲುಗಳು ಹೊರಡುತ್ತವೆ, ಅನಂತರ ಮುಂಗಾಲುಗಳು ಕಾಣಿಸಿಕೊಳ್ಳುತ್ತವೆ. ನಾಲ್ಕು ಕಾಲೂ ಬಂದು ಬಾಲ ಇನ್ನೂ ಕರಗದಿರುವ ಕೆಲವೇ ದಿನಗಳಲ್ಲಿ ಅದು ಪುಸ್ತಕದ ನ್ಯೂಟಿನ ಪಡಿಯಚ್ಚಿನಂತೆ ತೋರುತ್ತದೆ. ಮಕ್ಕಳು ಮೋಸಹೋಗುವುದು ಇಲ್ಲಿಯೇ. ನ್ಯೂಟಿನ ಮರಿಗೆ ಮುಂಗಾಲು ಮೊದಲು ಬರುತ್ತದೆ, ಕತ್ತಿನ ಎರಡೂ ಬದಿಗೆ ಗರಿಯಂತಹ ಕಿವಿರು ಹೊರಗೆ ಚಾಚಿಕೊಂಡಿರುತ್ತದೆ. ಈ ಎರಡು ಅಂಶಗಳನ್ನು ನೆನಪಿಟ್ಟರೆ ತಪ್ಪುವ ಭಯವಿಲ್ಲ.

ಆ ಕೆಲವು ದಿನಗಳು ಕಪ್ಪೆಮರಿಗೆ ಗಂಡಾಂತರದ ಕಾಲ. ಅದರ ಬಾಯಿ ಪಾಚಿ ಕೆರೆಯುವ ರೂಪವನ್ನು ಬಿಟ್ಟು ಹುಳು ಹಿಡಿಯುವ ರೂಪಕ್ಕೆ ಬದಲಾಗುತ್ತಿರುವುದರಿಂದ ಅದು ಏನನ್ನೂ ತಿನ್ನಲಾರದು. ಕರಗುತ್ತಿರುವ ತನ್ನ ಬಾಲದ ಸಾರದಿಂದಲೇ ಜೀವ ಹಿಡಿದಿರುತ್ತದೆ. ಕಿವಿರು ಹೋಗಿ ಶ್ವಾಸಕೋಶ ಕೆಲಸಕ್ಕೆ ತೊಡಗುವುದರಿಂದ ದಂಡೆ ಹತ್ತಲು ದಾರಿ ಬೇಕು. ನೇರ ಗೋಡೆಯ ಗಚ್ಚಿನ ತೊಟ್ಟಿಯಲ್ಲಿ ಹತ್ತಲಾಗದೆ, ನೀರಿನಲ್ಲಿ ಬೆಳೆದ ಜೀವಿ ನೀರಿನಲ್ಲಿಯೇ ಮುಳುಗಿ ಸಾಯುತ್ತದೆ.

ಆರೈಕೆಯ ಕ್ರಮ

ಎರಡರ ಗುರುತು ತಿಳಿದ ಮೇಲೆ ಆರೈಕೆಯ ಮಾತು ಸುಲಭ. ಹಾವುರಾಣಿಗೆ ಬೇಕಾದುದು ಒಣನೆಲ ಮತ್ತು ಅಡಗುವ ಎಡೆ. ಕಪ್ಪೆಮರಿಗೆ ಬೇಕಾದುದು ತೇವ, ನೆರಳು ಮತ್ತು ದಂಡೆಗೆ ದಾರಿ. ಒಂದಕ್ಕೆ ಮಾಡುವ ಉಪಚಾರವನ್ನು ಇನ್ನೊಂದಕ್ಕೆ ಮಾಡಿದರೆ ಅದೇ ಅಪಚಾರವಾಗುತ್ತದೆ.

ಕಲ್ಲುಬಾನಿ, ತೊಟ್ಟಿಗಳಲ್ಲಿ ಒಂದು ಒರಟು ಹಲಗೆಯನ್ನು ಓರೆಯಾಗಿ ಇಳಿಬಿಡಬೇಕು, ಇಲ್ಲವೆ ನಾಲ್ಕು ಕಲ್ಲುಗಳನ್ನು ಮೆಟ್ಟಿಲಿನಂತೆ ಜೋಡಿಸಬೇಕು. ಕಪ್ಪೆಮರಿ ಅದರ ಮೇಲೆ ಹತ್ತಿ ಬರುತ್ತದೆ. ನೀರಿಗೆ ಬಿದ್ದ ಹಾವುರಾಣಿಯೂ ಅಳಿಲೂ ಅದರಿಂದಲೇ ಬದುಕುತ್ತವೆ. ತೊಟ್ಟಿ ತೊಳೆಯುವ ದಿನ ಗೊದಮೊಟ್ಟೆಗಳಿದ್ದರೆ ಅವುಗಳನ್ನು ನೀರಿನ ಸಮೇತ ಕೊಡದಲ್ಲಿ ಮೊಗೆದು ಅದೇ ಹಿತ್ತಲಿನ ನೆರಳಿನ ಇನ್ನೊಂದು ಪಾತ್ರೆಯಲ್ಲಿ ಬಿಟ್ಟು, ತೊಟ್ಟಿ ತುಂಬಿದ ಮೇಲೆ ಮರಳಿಸಬಹುದು. ಬ್ಲೀಚಿಂಗ್ ಪುಡಿಯ ವಾಸನೆಯಿರುವ ನಳದ ನೀರನ್ನು ನೇರವಾಗಿ ಸುರಿಯದೆ ಒಂದು ದಿನ ತೆರೆದಿಟ್ಟು ಬಳಸಬೇಕು. ನೊರೆಯ ಗೂಡನ್ನು ಹೊಲಸೆಂದು ಕೆರೆದು ತೆಗೆಯಬಾರದು. ಕೆಲವು ದಿನಗಳಲ್ಲಿ ಅದು ತಾನೇ ಕರಗಿ ಮರಿಗಳು ನೀರಿಗೆ ಇಳಿಯುತ್ತವೆ.

ಹಾವುರಾಣಿ ಮನೆಯೊಳಗೆ ಬಂದರೆ ಬಾಗಿಲು ತೆರೆದು, ಉದ್ದ ಕಸಬರಿಗೆಯನ್ನು ನೆಲಕ್ಕೆ ತಾಗಿಸಿ ಮೆಲ್ಲಗೆ ದಾರಿ ತೋರಿಸಿದರೆ ಸಾಕು, ಹೊರಗೆ ಹೋಗುತ್ತದೆ. ಬಾಲ ಹಿಡಿದು ಎತ್ತಬಾರದು. ಬೆಕ್ಕು ಕಚ್ಚಿ ಗಾಯವಾಗಿದ್ದರೆ ಅರಿಸಿನ, ಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬಾರದು. ನಮ್ಮ ಮನೆಮದ್ದು ನಮ್ಮ ತೊಗಲಿಗೆ ಒಗ್ಗಿದ್ದು, ಅವುಗಳದಕ್ಕಲ್ಲ. ನೆರಳಿನಲ್ಲಿ ಒಣಎಲೆ ಹಾಸಿದ, ಗಾಳಿಯಾಡುವ ಡಬ್ಬಿಯಲ್ಲಿ ಕೆಲವು ಗಂಟೆ ಬಿಟ್ಟು, ಚೇತರಿಸಿಕೊಂಡ ಮೇಲೆ ಸಿಕ್ಕ ಜಾಗದಲ್ಲಿಯೇ ಬಿಡಬೇಕು.

ಕಪ್ಪೆಯನ್ನು ಎತ್ತಲೇಬೇಕಾದ ಸಂದರ್ಭ ಬಂದರೆ ಕೈಯನ್ನು ಬರಿಯ ನೀರಿನಿಂದ ಒದ್ದೆ ಮಾಡಿಕೊಂಡು ಎತ್ತಬೇಕು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ತೊಗಲಿನಿಂದಲೇ ಹೀರುತ್ತದೆ. ಉಸಿರಾಟದಲ್ಲಿಯೂ ತೊಗಲಿಗೆ ಪಾಲಿದೆ. ಕೈಯಲ್ಲಿರುವ ಸಾಬೂನು, ಉಪ್ಪು, ಸೊಳ್ಳೆಯ ಔಷಧ ಎಲ್ಲವೂ ಅದರ ಮೈಸೇರುತ್ತದೆ. ನೆಲಗಪ್ಪೆಯ ಕಣ್ಣಿನ ಹಿಂದಿರುವ ಉಬ್ಬಿದ ಗ್ರಂಥಿಗಳಿಂದ ಹಾಲಿನಂತಹ ಒಗರು ರಸ ಬರುವುದುಂಟು; ಮುಟ್ಟಿದ ಕೈಯನ್ನು ಕಣ್ಣಿಗೆ ಬಾಯಿಗೆ ತಾಗಿಸದೆ ಚೆನ್ನಾಗಿ ತೊಳೆದುಕೊಳ್ಳಬೇಕು.

ಇನ್ನು ಸಾಕುವ ಮಾತು. ಕಾಡುಜೀವಿಯನ್ನು ಮನೆಯಲ್ಲಿ ಕೂಡಿಹಾಕುವುದನ್ನು ನಾವು ಯಾರಿಗೂ ಸಲಹೆ ಮಾಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಉಡ, ನಕ್ಷತ್ರ ಆಮೆ, ಹಿಮಾಲಯದ ನ್ಯೂಟ್ ಮೊದಲಾದವನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಮಕ್ಕಳಿಗೆ ನೋಡುವ ಆಸೆಯಿದ್ದರೆ ಬಾನಿಯ ಬಳಿ ದಿನಕ್ಕೊಮ್ಮೆ ಕುಳ್ಳಿರಿಸಿ, ಗೊದಮೊಟ್ಟೆಗೆ ಕಾಲು ಬಂದ ದಿನ, ಬಾಲ ಕರಗಿದ ದಿನಗಳನ್ನು ಒಂದು ವಹಿಯಲ್ಲಿ ಬರೆಯಿಸಬಹುದು. ಯಾವ ಗಾಜಿನ ಪೆಟ್ಟಿಗೆಯೂ ಕಲಿಸದ ಪಾಠವನ್ನು ಅದು ಕಲಿಸುತ್ತದೆ. ತನ್ನದೆನ್ನದೆ ಸಲಹುವುದು, ಒಡೆಯನಾಗದೆ ಸೇವಕನಾಗಿ ನಿಲ್ಲುವುದು ನಮ್ಮ ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರದ ತಿರುಳಲ್ಲವೇ?

ಹೊಲದ ಔಷಧ, ಅಂಗಡಿಯ ಪ್ರಾಣಿ

ಹಿತ್ತಲಿನಲ್ಲಿ ತೋರಿದ ದಯೆ ಹೊಲದ ಬದುವಿನಲ್ಲಿ ನಿಂತುಹೋಗಬಾರದು. ಬತ್ತಕ್ಕೂ ಹತ್ತಿಗೂ ಸಿಂಪಡಿಸುವ ಕೀಟನಾಶಕ ಗದ್ದೆಯ ನೀರಿಗೆ ಇಳಿದರೆ ಮೊದಲು ಬಲಿಯಾಗುವುದು ತೊಗಲಿನಿಂದ ನೀರು ಹೀರುವ ಗೊದಮೊಟ್ಟೆಗಳು. ದೇಶದಲ್ಲಿ 2011ರಲ್ಲಿ ನಿಷೇಧಕ್ಕೊಳಗಾದ ಎಂಡೋಸಲ್ಫಾನ್ ಮನುಷ್ಯರಂತೆ ಮೀನು ಕಪ್ಪೆಗಳಿಗೂ ಮಾರಕವಾಗಿತ್ತು. ಕಪ್ಪೆಗಳು ಕಡಿಮೆಯಾದರೆ ಹುಳು ಹೆಚ್ಚುತ್ತದೆ, ಹುಳು ಹೆಚ್ಚಿದರೆ ಔಷಧ ಹೆಚ್ಚುತ್ತದೆ, ಔಷಧ ಹೆಚ್ಚಿದರೆ ಸಾಲ ಹೆಚ್ಚುತ್ತದೆ. ಒಂದು ಕಾಲಕ್ಕೆ ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಹೊರದೇಶಗಳ ಊಟದ ಮೇಜಿಗೆ ಹೋಗುತ್ತಿದ್ದವು. ಗದ್ದೆಗಳು ಬರಿದಾಗುತ್ತಿರುವುದನ್ನು ಕಂಡು 1987ರಲ್ಲಿ ಭಾರತ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಸಿಂಪಡಿಸುವ ಯಂತ್ರವನ್ನು ಬಾನಿಯಲ್ಲಿ, ಕಾಲುವೆಯಲ್ಲಿ ತೊಳೆಯದಿರುವುದು, ನೀರು ನಿಂತ ಮೂಲೆಗಳಿಗೆ ಔಷಧ ಬೀಳದಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ರೈತ ಬಂಧುವಿನ ಕೈಯಲ್ಲಿರುವ ಕೆಲಸ.

ನಗರಗಳಲ್ಲಿರುವ ನಮ್ಮ ಕುಟುಂಬಗಳಿಗೂ ಒಂದು ಮಾತು. ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ ಈಗ ಮೆಕ್ಸಿಕೋ ದೇಶದ ಆಕ್ಸೊಲಾಟಲ್ ಎಂಬ ಸಾಲಮಾಂಡರ್ ಮಾರಾಟಕ್ಕೆ ಬರುವುದುಂಟು. ತಣ್ಣೀರಿನ ಆ ಜೀವಿ ನಮ್ಮ ಬೇಸಗೆಯನ್ನು ತಾಳದು. ಬೇಸರವಾಯಿತೆಂದು ಅದನ್ನು ಕೆರೆ ಕಾಲುವೆಗಳಲ್ಲಿ ಬಿಡುವುದು ಇನ್ನೂ ದೊಡ್ಡ ತಪ್ಪು. ಸಾಲಮಾಂಡರ್‌ಗಳ ತೊಗಲನ್ನು ಕೊರೆಯುವ ಒಂದು ಬೂಷ್ಟು 2013ರಲ್ಲಿ ಪತ್ತೆಯಾಯಿತು. ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಏಷ್ಯಾದಿಂದ ಯೂರೋಪಿಗೆ ಹೋದುದೆಂದು ತಿಳಿಯಲಾದ ಆ ರೋಗ, ನೆದರ್‌ಲ್ಯಾಂಡ್ಸ್ ದೇಶದ ಬೆಂಕಿ ಸಾಲಮಾಂಡರ್‌ಗಳನ್ನು ನಿರ್ನಾಮದ ಅಂಚಿಗೆ ತಂದಿತು.

ಹೊರದೇಶದ ಬಂಧುಗಳಿಗೆ

ಇಂಗ್ಲೆಂಡ್, ಅಮೆರಿಕೆಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳ ಹಿತ್ತಲಿನಲ್ಲಿಯಾದರೋ ನಿಜವಾದ ನ್ಯೂಟ್ ಸಿಕ್ಕೀತು. ಬ್ರಿಟನ್ನಿನಲ್ಲಿ ಮೂರು ಜಾತಿಯ ನ್ಯೂಟ್‌ಗಳಿವೆ. ಅವುಗಳಲ್ಲಿ ಬೆನ್ನಿನ ಮೇಲೆ ಜುಟ್ಟಿರುವ ದೊಡ್ಡ ನ್ಯೂಟನ್ನು ಹಿಡಿಯುವುದಾಗಲಿ ಅದರ ಕೊಳವನ್ನು ಕೆಡಿಸುವುದಾಗಲಿ 1981ರ ಕಾಯಿದೆಯಂತೆ ಅಪರಾಧ. ಮಳೆಯ ದಿನಗಳಲ್ಲಿ ಅಥವಾ ಚಳಿಗಾಲದಲ್ಲಿ ಕಲ್ಲು, ಮರದ ದಿಮ್ಮಿಗಳ ಕೆಳಗೆ ನ್ಯೂಟ್ ಕಂಡರೆ ದಾರಿತಪ್ಪಿ ಬಂದುದೆಂದು ಕೊಳಕ್ಕೆ ಒಯ್ದು ಹಾಕಬೇಕಾಗಿಲ್ಲ. ವರ್ಷದ ಹೆಚ್ಚಿನ ಕಾಲ ಅದು ನೆಲದ ಮೇಲೆಯೇ ಇರುತ್ತದೆ. ಕಲ್ಲನ್ನು ಮೆಲ್ಲಗೆ ಇದ್ದಂತೆಯೇ ಮುಚ್ಚಿದರೆ ಅದೇ ಆರೈಕೆ. ಅಮೆರಿಕೆಯ ಪಶ್ಚಿಮ ಕರಾವಳಿಯ ಒರಟು ತೊಗಲಿನ ನ್ಯೂಟಿನ ಮೈಯಲ್ಲಿ ಘೋರ ವಿಷವಿದೆ. 1979ರಲ್ಲಿ ಒರೆಗಾನ್ ರಾಜ್ಯದಲ್ಲಿ ಪಂಥಕ್ಕಾಗಿ ಅದನ್ನು ನುಂಗಿದ ಯುವಕನೊಬ್ಬ ಸತ್ತನು. ನೋಡಿ ಬಿಟ್ಟವರಿಗೆ ಅದರಿಂದ ಯಾವ ಅಪಾಯವೂ ಇಲ್ಲ. ಮಕ್ಕಳು ಮುಟ್ಟಿದ್ದರೆ ಕೈ ತೊಳೆಸಬೇಕು.

ನಮ್ಮ ನಾಡಿನ ಪರಂಪರೆ

ನ್ಯೂಟ್ ನಮ್ಮಲ್ಲಿ ಇಲ್ಲವೆಂದು ಮಕ್ಕಳು ಮುಖ ಸಪ್ಪಗೆ ಮಾಡಬೇಕಾಗಿಲ್ಲ. ನಮ್ಮ ನಾಡಿನ ಕಪ್ಪೆಗಳ ಐಸಿರಿ ಅಷ್ಟಿಷ್ಟಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾವ್ ಅವರು ಮಲೆನಾಡಿನ ಅನೇಕ ಕಪ್ಪೆಗಳನ್ನು ಮೊದಲ ಬಾರಿಗೆ ಲೋಕಕ್ಕೆ ಪರಿಚಯಿಸಿದರು. 1932ರಲ್ಲಿ ಆರಂಭವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರ ಹೆಸರನ್ನೇ ಇಡಲಾಯಿತು. ಉತ್ತರ ಕನ್ನಡದ ಕತ್ತಲೆಕಾನಿನಿಂದ 2014ರಲ್ಲಿ ಬೆಳಕಿಗೆ ಬಂದ ಒಂದು ಕಪ್ಪೆಯ ವಿಚಾರವಂತೂ ನಮ್ಮ ಓದುಗರ ಮನಸ್ಸಿಗೆ ಹತ್ತಿರವಾದುದು. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ತನ್ನ ಮುಂಗೈಗಳಿಂದ ತೊರೆಯ ಕೆಸರನ್ನು ತಂದು ಮೊಟ್ಟೆಗಳಿಗೆ ಮೆತ್ತಿ ಕಾಪಾಡುತ್ತದೆ. ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಕುಂಬಾರ ಕಪ್ಪೆ. ಕುಂಬಾರ ಗುಂಡಯ್ಯನವರ ತಿಗರಿಯನ್ನು ನೆನೆಯುವ ನಮಗೆ ಈ ಹೆಸರು ಹೊಸದೆನಿಸೀತೇ?

ಜವಳಗೇರಾಕ್ಕೆ ದೂರವಲ್ಲದ ಮಸ್ಕಿಯ ಬಂಡೆಯ ಮೇಲಿನ ಶಾಸನ 1915ರಲ್ಲಿ ಪತ್ತೆಯಾಗಿ, ದೇವಾನಾಂಪ್ರಿಯನೆಂಬ ಅರಸ ಅಶೋಕನೇ ಎಂಬುದನ್ನು ಅವನ ಹೆಸರಿನಿಂದಲೇ ಸಾರಿತು. ಅದೇ ಅಶೋಕ ಉತ್ತರ ಭಾರತದ ಸ್ತಂಭಗಳ ಮೇಲೆ, ತನ್ನ ಪಟ್ಟಾಭಿಷೇಕದ 26ನೆಯ ವರ್ಷದಲ್ಲಿ, ಕೊಲ್ಲಬಾರದ ಜೀವಿಗಳ ಪಟ್ಟಿಯನ್ನು ಕೆತ್ತಿಸಿದನು. ಅದರಲ್ಲಿ ಗಿಳಿ, ಆಮೆ, ಬಾವಲಿ, ಅಳಿಲುಗಳ ಜೊತೆಗೆ, ಮನುಷ್ಯನ ಉಪಯೋಗಕ್ಕೂ ಊಟಕ್ಕೂ ಬಾರದ ನಾಲ್ಕು ಕಾಲಿನ ಪ್ರಾಣಿಗಳೂ ಸೇರಿವೆ. ಅರಸ ಅದನ್ನು ಆಜ್ಞೆಯಾಗಿ ಕೆತ್ತಿಸಿದನು. ಶರಣರು ಅದನ್ನೇ ಮನೆಮನೆಯ ಆಚಾರವನ್ನಾಗಿ ಮಾಡಿದರು. ಆಜ್ಞೆ ಕಲ್ಲಿನ ಮೇಲೆ ಉಳಿಯುತ್ತದೆ. ಆಚಾರ ಉಳಿಯುವುದು ತಾಯಿ ಮಗುವಿಗೆ ಹೇಳಿಕೊಟ್ಟಾಗ ಮಾತ್ರ.

ಆದುದರಿಂದ ಈ ಮಳೆಗಾಲದಲ್ಲಿ ಹಿತ್ತಲಿನಲ್ಲಿ ಬಾಲದ ಜೀವಿಯೊಂದು ಕಂಡರೆ ಬಡಿಗೆಯನ್ನೂ ಬಕೆಟ್ಟನ್ನೂ ಎರಡನ್ನೂ ಬದಿಗಿಟ್ಟು, ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊದಲು ನೋಡೋಣ. ಹುರುಪೆಯಿದೆಯೇ, ಉಗುರಿದೆಯೇ, ನೆಲದ್ದೋ, ನೀರಿನದ್ದೋ ಎಂದು ಕೇಳೋಣ. ಉತ್ತರ ಸಿಕ್ಕ ಮೇಲೆ ಅದಕ್ಕೆ ದಾರಿ ಬಿಡೋಣ. ಬಾನಿಯಲ್ಲಿ ಒಂದು ಹಲಗೆ, ಬೇಲಿಯ ಬುಡದಲ್ಲಿ ಒಂದಿಷ್ಟು ತರಗೆಲೆ, ಇಷ್ಟೇ ನಮ್ಮಿಂದ ಅದಕ್ಕೆ ಸಲ್ಲಬೇಕಾದ ದಾಸೋಹ.